ಬೀಗತಿಯ ಬಟ್ಟಲು

ರಿಚರ್ಡ್‌ಸನ್, ಟೆಕ್ಸಾಸ್
೧೪ ಅಕ್ಟೋಬರ್ ೨೦೨೫

ಅಮರನ ಅಪ್ಪನವರಿಗೆ ಜಯದೇವಿಯ ಶರಣು.

ಬಿಪಿ ಗುಳಿಗೆ ಮರೆಯದೆ ನುಂಗುತ್ತಿದ್ದೀರಾ? ಕೆಮ್ಮು ಇಳಿಯಿತೇ? ಕಷಾಯದ ಪುಡಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿದೆ, ಕೈ ಚಾಚಿದರೆ ಸಿಗುತ್ತದೆ. ಫೋನು ಮಾಡಿದಾಗಲೆಲ್ಲ ಪಕ್ಕದ ಮನೆಯವರೇ ಎತ್ತುತ್ತಾರೆ, ನೀವು ಮಾತ್ರ ಬರುವುದಿಲ್ಲ. ಫೋನಿಗೆ ಬಾರದವರಿಗೆ ಪತ್ರವೇ ಸರಿ ಎಂದು ಕುಳಿತಿದ್ದೇನೆ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಅಮರ್ ಬರೆದಿದ್ದಾನೆ. ಈ ವಯಸ್ಸಿನಲ್ಲೂ ಗಂಡನ ಹೆಸರು ಬರೆಯಲು ನನ್ನ ಕೈ ಏಳುವುದಿಲ್ಲ, ಅದಕ್ಕೂ ನಗಿರಿ.

ನೇಹಾಳ ಮದುವೆ ಶನಿವಾರ ಫಾರ್ಮರ್ಸ್ ಬ್ರಾಂಚಿನ ಒಂದು ಹಾಲ್‌ನಲ್ಲಿ ಚೆನ್ನಾಗಿ ಆಯಿತು. ಹುಡುಗಿ ಇಳಕಲ್ ಸೀರೆ ಉಟ್ಟು ಕೆಳಗೆ ಓಡುವ ಬೂಟು ಹಾಕಿಕೊಂಡು ಬಂದಳು, ಥೇಟ್ ನಿಮ್ಮ ಮೊಮ್ಮಗಳು. ಅಕ್ಕಿಕಾಳು ಹಾಕುವ ಹೊತ್ತಿಗೆ ತಲೆ ಎತ್ತಿ ಎಲ್ಲರ ಮುಖ ನೋಡಿದಳು. ಯಾರನ್ನು ಹುಡುಕಿದಳೆಂದು ನನಗೆ ಗೊತ್ತು. ಮುಂದಿನ ಸಾಲಿನಲ್ಲಿ ಅಮರ್ ನಿಮಗೆಂದು ಒಂದು ಕುರ್ಚಿ ಬಿಟ್ಟಿದ್ದ. ಊಟದ ಹೊತ್ತಿಗೆ ಯಾರೋ ಅದರ ಮೇಲೆ ಕೋಟು ಬಿಚ್ಚಿಟ್ಟರು. ಆಗ ನನಗೆ ಅಳು ಬಂತು.

ಬೇರೆ ಅಜ್ಜಂದಿರು ಜಾತಿಗೋ ಧರ್ಮಕ್ಕೋ ಮುನಿಸಿಕೊಳ್ಳುತ್ತಾರೆ. ನಿಮ್ಮ ಮುನಿಸು ಮಾತ್ರ ಊರಿಗೇ ಒಂದು. ಹುಡುಗ ಚೀನಾದವನೆಂದು ತಿಳಿದಾಗ ಮೊದಲು ಖುಷಿಯಿಂದ ಕುಣಿದಿರಿ. ಅವರ ಮನೆಯವರೆಲ್ಲ ಇಲ್ಲಿ ಬಂದು ನೆಲೆಸಿದ್ದಾರೆಂದು ಗೊತ್ತಾದ ಕೂಡಲೇ ತಿರುಗಿಬಿದ್ದಿರಿ. “ಕ್ರಾಂತಿಗೆ ಬೆನ್ನು ತೋರಿಸಿ ಡಾಲರಿಗೆ ಓಡಿಹೋದ ಮನಿತನ ಅದು. ಅವರ ಜೋಡಿ ಬೀಗತನ ನನಗ ಬ್ಯಾಡ” ಎಂದಿರಿ. ನಮ್ಮ ಅಮರ್ ಅಮೆರಿಕಕ್ಕೆ ಯಾವ ಕ್ರಾಂತಿ ಮಾಡಲು ಹೋಗಿದ್ದಾನೆ ಎಂದು ಕೇಳಿದ್ದಕ್ಕೆ ಪೇಪರಿನ ಹಿಂದೆ ಮುಖ ಮರೆಸಿಕೊಂಡಿರಿ. ಗಿರಣಿ ಯೂನಿಯನ್ನಿನ ದಿನಗಳಿಂದ ನಿಮ್ಮನ್ನು ಬಲ್ಲೆ. ಚೀನಾದಲ್ಲಿ ಹೊಲಗಳನ್ನು ಮತ್ತೆ ಮನೆಮನೆಗೆ ಹಂಚಿಕೊಟ್ಟರು ಎಂಬ ಸುದ್ದಿ ಬಂದಾಗ, ಮೋಸವಾಯಿತೆಂದು ಎರಡು ದಿನ ಊಟ ಬಿಟ್ಟವರು ನೀವು. ನಾನು ಉಂಡ ತಟ್ಟೆ ತೊಳೆದು ಆ ನೀರು ಕುಡಿಯುವುದನ್ನು ಕಂಡರಂತೂ ನಿಮಗೆ ನಗು. “ಪ್ರಸಾದ ಅಂತ ಪ್ರಸಾದ! ಚೀನಾದಾಗ ಊರಿಗೂರೇ ಒಂದ ಪಂಕ್ತಿಯೊಳಗ ಉಂಡೈತಿ. ತಟ್ಟಿ ತೊಳದು ಕುಡಿಯೋ ದರಿದ್ರ ಅವರಿಗೆ ಬಂದಿಲ್ಲ.”

ಮದುಮಗ ಕೆವಿನ್‌ನ ಅಜ್ಜಿಯ ಹೆಸರು ಶುಮಿನ್. ನನಗಿಂತ ಸ್ವಲ್ಪ ದೊಡ್ಡವಳು, ಚೀನಾದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳಂತೆ. ಮದುವೆಯಲ್ಲಿ ನಿಮ್ಮನ್ನು ಕೇಳಿದಾಗ ಮೊಣಕಾಲು ನೋವೆಂದು ಸುಳ್ಳು ಹೇಳಿದೆ. ಮರುದಿನ ಮಧ್ಯಾಹ್ನ ಅಮರನ ಮನೆಗೆ ಊಟಕ್ಕೆ ಬರುವಾಗ ಪುಣ್ಯಾತ್ಗಿತ್ತಿ ನಿಮ್ಮ ಮೊಣಕಾಲಿಗೆ ಅಂಟಿಸಲು ಔಷಧದ ಪಟ್ಟಿಗಳನ್ನು ತಂದಿದ್ದಳು. ನಾಚಿಕೆಯಿಂದ ತಲೆ ತಗ್ಗಿಸಿ ಇಸಿದುಕೊಂಡೆ.

ಝುಣಕ-ರೊಟ್ಟಿ ಅವಳಿಗೆ ಹಿಡಿಸಿತು. ಅನ್ನ ಸಾರು ಮುಗಿಸಿ ನಾನು ಎಂದಿನಂತೆ ತಟ್ಟೆಗೆ ನೀರು ಹಾಕಿದೆ. ಎದುರಿಗೆ ಅವಳೂ ಬಟ್ಟಲಿಗೆ ಬಿಸಿನೀರು ಹಾಕಿ, ಒಂದು ಸುತ್ತು ತಿರುಗಿಸಿ, ಬಾಯಿಗೆ ಎತ್ತಿದ್ದಳು. ಇಬ್ಬರೂ ಕೈ ತಡೆದು ಒಬ್ಬರನ್ನೊಬ್ಬರು ನೋಡಿದೆವು. ಇವಳಿಗೂ ಯಾವುದೋ ಮಠವಿರಬೇಕು ಎಂದುಕೊಂಡು “ನಿಮ್ಮ ಕಡೆನೂ ಪ್ರಸಾದ ಅಂತೀರೇನ್ರೀ?” ಎಂದೆ. ನನ್ನ ಮಾತನ್ನು ಅಮರ್ ಇಂಗ್ಲಿಷಿಗೆ, ಕೆವಿನ್ ಚೀನೀಗೆ ತಂದರು. ಉತ್ತರ ಅದೇ ದಾರಿಯಲ್ಲಿ ಹಿಂದಿರುಗಿತು.

೧೯೫೯ರ ಮಾತು, ಆಗ ಅವಳಿಗೆ ಎಂಟು ವರ್ಷ. ಮನೆಯ ಒಲೆಗಳನ್ನು ಕೆಡವಿ ಊರಿಗೆಲ್ಲ ಒಂದೇ ಅಡುಗೆಮನೆ ಮಾಡಿದ್ದರು. ಅವಳ ಅಪ್ಪ ಹಳ್ಳಿಯ ಪಕ್ಷದ ಮುಖಂಡ, ನಿಮ್ಮ ಹಾಗೆಯೇ ಮನಸಾರೆ ನಂಬಿದವರು. ಮೇಲಿನವರು ಬಯಸಿದಷ್ಟು ಬೆಳೆ ಬಂದಿದೆ ಎಂದು ಸುಳ್ಳು ಲೆಕ್ಕ ಹೇಳಿ, ಬಂದಿದ್ದನ್ನೆಲ್ಲ ಗಾಡಿಗೆ ಹೇರಿ ಕಳಿಸಿದರು. ಚಳಿಗಾಲದ ಹೊತ್ತಿಗೆ ಪಂಕ್ತಿಯಲ್ಲಿ ಬಡಿಸಲು ಗಂಜಿಯ ತಿಳಿ ಮಾತ್ರ ಉಳಿಯಿತು. ಅವಳ ತಮ್ಮ ಹಸಿದು ಸತ್ತ. ಅಂದಿನಿಂದ ಆ ಮನೆಯಲ್ಲಿ ಬಟ್ಟಲಿನ ನೀರು ಚೆಲ್ಲಿದವರಿಲ್ಲ. ಮುಂದೆ ತೋಳಿಗೆ ಕೆಂಪು ಪಟ್ಟಿ ಕಟ್ಟಿದ ಹುಡುಗರು ಕ್ರಾಂತಿಯ ಶತ್ರು ಎಂದು ಅಪ್ಪನ ಕೊರಳಿಗೇ ಹಲಗೆ ತೂಗುಹಾಕಿ ಊರೆಲ್ಲ ತಿರುಗಿಸಿದರು. ಹೊಲ ಮರಳಿ ಸಿಕ್ಕಿ ಹೊಟ್ಟೆ ತುಂಬ ಉಣ್ಣುವಂತಾದ ಮೇಲೂ ಅವರು ಬಟ್ಟಲು ತೊಳೆದು ಕುಡಿಯುತ್ತಿದ್ದರಂತೆ. ಮಗನ ಹೆಸರನ್ನು ಮಾತ್ರ ಸಾಯುವವರೆಗೂ ಎತ್ತಲಿಲ್ಲ.

ನೀವು ಎರಡು ದಿನ ಊಟ ಬಿಟ್ಟಿದ್ದು ಆ ಹೊಲ ಅವರಿಗೆ ಮರಳಿ ಸಿಕ್ಕಿತೆಂದು. ನಿಮ್ಮನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ಗಿರಣಿ ಮುಚ್ಚಿದಾಗ ನಮ್ಮ ಮನೆಯ ಜೋಳವನ್ನು ಬೇರೆಯವರ ಮನೆಗೆ ಹೊತ್ತವರೂ ನೀವೇ, ಅದನ್ನು ನಾನು ಮರೆತಿಲ್ಲ. ಆದರೂ ಆ ಕುರ್ಚಿಯಲ್ಲಿ ನೀವು ಕುಳಿತಿರಬೇಕಿತ್ತು. ಓಡಿಹೋದ ಮನೆತನ ಎಂದಿರಿ, ನಂಬಿಕೆಯಲ್ಲಿ ಅದು ನಿಮ್ಮದೇ ಮನೆತನವಾಗಿತ್ತು. ಇನ್ನು ಆ ಶನಿವಾರ ಎಲ್ಲಿಂದ ಬರಬೇಕು?

ಶುಮಿನ್ ಈ ಕಥೆ ಮುಗಿಸುವಷ್ಟರಲ್ಲಿ ನೇಹಾ ತಡೆಯಲಾರದೆ, ಅಜ್ಜನ ಮೊಣಕಾಲಿಗೆ ಏನೂ ಆಗಿಲ್ಲ, ಅವರು ಕಮ್ಯುನಿಸ್ಟ್, ಅದಕ್ಕೇ ಬಂದಿಲ್ಲ ಎಂದು ಇಂಗ್ಲಿಷಿನಲ್ಲಿ ಅಂದುಬಿಟ್ಟಳು. ಕೆವಿನ್ ಅದನ್ನು ಚೀನೀಗೆ ತಂದ ಮೇಲೆ ಶುಮಿನ್ ನನ್ನ ಕೈ ಹಿಡಿದುಕೊಂಡಳು.

ತಣ್ಣೀರು ಸ್ನಾನ ಬೇಡ. ಪಕ್ಕದ ಮನೆಯವರಿಗೆಲ್ಲ ಶರಣು ತಿಳಿಸಿ. ಮಕ್ಕಳು ನಿಮ್ಮ ಆಶೀರ್ವಾದ ಕೇಳಿದ್ದಾರೆ.

ನಿಮ್ಮ
ಜಯದೇವಿ

ತಾ.ಕ.: ಅಂಚೆಗೆಂದು ಅಮರ್ ಕಾರು ತೆಗೆದಿದ್ದಾನೆ, ಬೇಗ ಬರೆಯುತ್ತೇನೆ. ಡಿಸೆಂಬರಿನಲ್ಲಿ ನಾನೊಬ್ಬಳೇ ಬರುವುದಿಲ್ಲ, ಬೀಗತಿಯೂ ಹುಬ್ಬಳ್ಳಿಗೆ ಬರುತ್ತಾಳೆ. ತನ್ನ ಅಪ್ಪ ಏನೂ ಹೇಳದೆ ಹೋದರು, ಅವರ ಹಾಗೆ ನಂಬಿದ ಒಬ್ಬರ ಮುಂದಾದರೂ ಕುಳಿತು, ಯಾಕೆ ನಂಬಿದಿರಿ ಎಂದು ಕೇಳಬೇಕು ಎನ್ನುತ್ತಾಳೆ. ಉತ್ತರವಿದ್ದರೆ ಹೇಳಿ, ಇಲ್ಲದಿದ್ದರೆ ಭಾಷಣ ಬೇಡ, ಜೊತೆಗೆ ಕುಳಿತು ಉಣ್ಣಿ. ಊಟವಾದ ಮೇಲೆ ಅವಳ ಬಟ್ಟಲಿಗೆ ನೀರು ಹಾಕಿ ನಿಮ್ಮ ತಟ್ಟೆಗೂ ಹಾಕುತ್ತೇನೆ. ಈ ಒಂದು ಸಲ ಚೆಲ್ಲಬೇಡಿ.