ಮಖಮಲ್ಲಿನ ಚೀಲ, ಗೋಣಿಯ ಚೀಲ

ಜುಲೈ 14, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು. ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಸಿದ್ಧಮಾಡುವುದರಲ್ಲಿ ಮುಳುಗಿಹೋಗಿದ್ದೆ.

ಈ ವರ್ಷ ನನ್ನ ತರಗತಿಯಲ್ಲಿ ಥಟ್ಟನೆ ಹಿಡಿಯುವವರಿದ್ದಾರೆ, ಓದಲು ತಡವರಿಸುವವರಿದ್ದಾರೆ, ಕಣ್ಣು ಕಾಣದ ಹುಡುಗಿಯೊಬ್ಬಳೂ ಇದ್ದಾಳೆ. ಅವಳಿಗೆ ನಾನಿಟ್ಟ ಹೆಸರು ಪ್ರಶ್ನೆಪುಟ್ಟಿ. ಬೋರ್ಡಿನ ಮೇಲೆ ಗೀಚಿ ಕೈತೊಳೆದುಕೊಳ್ಳುವ ನನ್ನ ಹಳೇ ಚಾಳಿ ಇವರ ಮುಂದೆ ನಡೆಯಲಿಲ್ಲ. ದರ್ಜಿಯ ಹತ್ತಿರದಿಂದ ಅಂಗಿಯ ಗುಂಡಿ ತಂದೆ. ಅರ್ಧ ಎರಡು ತೂತಿನವು, ಅರ್ಧ ನಾಲ್ಕು ತೂತಿನವು. ತಾಯಿಗೆ ಕೆಂಪು ಚೀಲ, ತಂದೆಗೆ ನೀಲಿ ಚೀಲ ಹೊಲಿದು, ಎರಡರಲ್ಲೂ ಎರಡೂ ಬಗೆಯ ಗುಂಡಿ ಸಮವಾಗಿ ಬೆರೆಸಿ, ನನ್ನಂಥ ಜಾಣೆ ಇಲ್ಲವೆಂದು ಬೀಗುತ್ತಾ ಹೋದೆ.

ಪ್ರಶ್ನೆಪುಟ್ಟಿ ಎರಡನ್ನೂ ತಡವಿ, "ಟೀಚರ್, ಇದ್ರಲ್ಲಿ ಅಮ್ಮ ಯಾರು, ಅಪ್ಪ ಯಾರು?" ಅಂದಳು. ಕಣ್ಣಿದ್ದೂ ಕುರುಡಿಯಾದವಳು ನಾನು. ಮರುದಿನ ತಾಯಿಗೆ ಮಖಮಲ್ಲು, ತಂದೆಗೆ ಗೋಣಿಬಟ್ಟೆ. "ನಮ್ಮಪ್ಪನೂ ಹೀಗೇ ಚುಚ್ತಾರೆ" ಎಂದು ಹಿಂದಿನ ಬೆಂಚು ನಕ್ಕಿತು.

ಆಟ ಇಷ್ಟೇ. ಒಂದೊಂದು ಚೀಲದಿಂದ ನೋಡದೆ ಒಂದೊಂದು ಗುಂಡಿ ತೆಗೆಯಬೇಕು. ಎರಡು ತೂತಿನದು ಅಡಗಿರುವ ಗುಣ; ಎರಡೂ ಅದೇ ಬಂದರೆ ಮಾತ್ರ ಮಗುವಿನಲ್ಲಿ ಕಾಣಿಸುತ್ತದೆ. ನಾಲ್ಕು ಸಲಕ್ಕೆ ಸುಮಾರು ಒಂದು ಸಲ ಹಾಗಾಗುತ್ತದೆಂದು ಮೊದಲು ಹಿಡಿದವರು ಓದಲು ತಡವರಿಸುವವರೇ.

ಪ್ರಶ್ನೆಪುಟ್ಟಿಗೆ ಎರಡೂ ಎರಡು ತೂತಿನವೇ ಬಂದವು. ಬೆರಳಲ್ಲಿ ಉಜ್ಜುತ್ತಾ, "ಇದು ಯಾವ ಚೀಲದ ತಪ್ಪು ಟೀಚರ್?" ಎಂದಳು.

"ಎರಡರಿಂದಲೂ ಒಂದೊಂದು ಬಂದಿದೆ ಪುಟ್ಟಿ. ತನ್ನೊಳಗೆ ಏನಿದೆ ಅಂತ ಚೀಲಕ್ಕೇ ಗೊತ್ತಿರಲ್ಲ. ತಪ್ಪು ಎಲ್ಲಿಂದ ಬಂತು?"

"ಹಾಗಾದ್ರೆ ನಮ್ಮಜ್ಜಿಗೂ ಆಡಿಸ್ಬೇಕು. ಚೀಲ ಮನೆಗೆ ತಗೊಂಡು ಹೋಗ್ಲಾ?"

ವಾರದೊಳಗೆ ಮರಳಿಸು ಎಂದು ಕೊಟ್ಟು ಕಳಿಸಿದೆ. ತುಂಬಾ ಸಂತೋಷವಾಯಿತು ಅಕ್ಕ. ಜೊತೆಗೆ ನಾಚಿಕೆಯೂ ಆಯಿತು.

ಭಾವನಿಗೆ ನಮಸ್ಕಾರ. ಮಗನಿಗೆ ನನ್ನ ಆಶೀರ್ವಾದ. ಚಿಕ್ಕಮ್ಮ ಕೈಸನ್ನೆಯ ಮಾತು ಕಲಿಯುತ್ತಿದ್ದಾಳೆ, ತಪ್ಪಿದರೆ ನಗಬೇಡ ಎನ್ನು.

ನಿನ್ನ ತಂಗಿ

ತಾ.ಕ.: ಮಗನಿಗೆ ಕಿವಿ ಕೇಳುವುದಿಲ್ಲವೆಂದು ತಿಳಿದ ದಿನ, ಓದಿ ಹೇಳು ಎಂದು ಡಾಕ್ಟರ ವರದಿಯನ್ನು ನನ್ನ ಕೈಗೇ ಕೊಟ್ಟಿದ್ದಿರಿ. ಎರಡೂ ಕಡೆಯಿಂದ ಬಂದದ್ದು ಎಂದು ಅದರಲ್ಲಿತ್ತು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅತ್ತೆ, "ಎಲ್ಲಾ ಇವಳ ತವರಿಂದ ಬಂದಿದ್ದು" ಅಂದರು. ನೀನು ನನ್ನ ಮುಖ ನೋಡಿದೆ. ನಾನು ವರದಿ ಮಡಚಿಟ್ಟು ಸುಮ್ಮನೆ ಕೂತೆ. ಹನ್ನೊಂದು ವರ್ಷ ಆ ಮಾತನ್ನು ನೀನೊಬ್ಬಳೇ ಹೊತ್ತೆ. ಬರುವ ಭಾನುವಾರ ಎರಡೂ ಚೀಲ ಹಿಡಿದು ಬರುತ್ತೇನೆ. ನಿನ್ನ ಅತ್ತೆಯ ಕೈಯನ್ನು ಗೋಣಿಚೀಲಕ್ಕೂ ಹಾಕಿಸುತ್ತೇನೆ. ಆಗ ಇನ್ನೊಂದು ಸಲ ನನ್ನ ಮುಖ ನೋಡು.