ಚಕ್ರದ ಆಟಿಕೆಗೆ ಪೂರ್ತಿ ಅಂಕ

ಮಂಗಳವಾರ, ಮಾರ್ಚ್ ೧೦

ಪ್ರೀತಿಯ ತಂಗಿ ಮೊಂಡಿಗೆ,

ನಿನ್ನ ಅಕ್ಕನ ಆಶೀರ್ವಾದ. ಎಡಗಡೆಯ ನಾನು ಕ್ಷೇಮ. ಬಲಗಡೆಯವಳ ಸಮಾಚಾರ ಆಮೇಲೆ. ನೀನು, ನಿನ್ನ ಯಜಮಾನರು, ಮಗ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಎಡಗೈಯಲ್ಲಿ ಬರೆಯುವುದು ಈಗಷ್ಟೇ ಕೈಗೆ ಹತ್ತುತ್ತಿದೆ, ನೋಡು, ಒಂದೊಂದು ಅಕ್ಷರ ಒಂದೊಂದು ದಿಕ್ಕಿಗೆ ಹೊರಟಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನನಗೆ ಬಾಯಿ ತೆರೆಯಲು ಬಿಟ್ಟರೆ ತಾನೆ!

"ಯಾವಾಗ ಬಂದು ಮಿಷನ್ ಮುಂದೆ ಕೂರ್ತೀಯಾ ಅಕ್ಕಾ?" ಎಂದು ಎರಡು ಕಾಗದದಲ್ಲೂ ಕೇಳಿದ್ದೀಯ. ನೀನು ನನ್ನ ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿಟ್ಟು ಯಾರನ್ನೂ ಹತ್ತಿರ ಬಿಡುತ್ತಿಲ್ಲವಂತೆ. ಅಂಗಡಿಗೆ ಸೇರಿದ ಹೊಸ ಹುಡುಗಿ ಸ್ಟೂಲಿನ ಮೇಲೆ ಕೂತು ಬರೀ ಗುಂಡಿ ಹಾಕುತ್ತಿದ್ದಾಳಂತೆ. ಓದಿ ಸಂತೋಷವೂ ಆಯಿತು, ಸಂಕಟವೂ ಆಯಿತು. ಮೊದಲು ಈ ಆಸ್ಪತ್ರೆಯ ಕಥೆ ಕೇಳು.

ನೀನು ಕಳಿಸಿದ ಪೆಟ್ಟಿಗೆ ಬಂದಾಗ ನಾನು ಮೂಗು ಮುರಿದಿದ್ದೆ. ಲಕ್ವ ಹೊಡೆದ ಹೆಂಗಸಿಗೆ ಮಗನ ಹಳೆಯ ವಿಡಿಯೋ ಗೇಮ್ ಕಳಿಸಿದ್ದಾಳಲ್ಲ, ಇವಳಿಗೆ ತಲೆ ನೆಟ್ಟಗಿದೆಯೇ ಎಂದುಕೊಂಡೆ. ಆ ಚಪ್ಪಟೆ ಹಲಗೆಯನ್ನು ಟೀವಿಗೆ ಜೋಡಿಸಿ ಅದರ ಮೇಲೆ ಗೊಂಬೆ ಇಟ್ಟರೆ, ಅದೇ ಗೊಂಬೆ ಟೀವಿಯಲ್ಲಿ ಜೀವ ಬಂದು ಓಡಾಡುತ್ತದೆ ಎಂದು ನನಗೇನು ಗೊತ್ತು? ನಮಗೆ ಕೈಕಾಲಿನ ಕಸರತ್ತು ಮಾಡಿಸುವ ಮೇಡಂಗೆ ಮಾತ್ರ ತಕ್ಷಣ ಹೊಳೆಯಿತು. "ಗೊಂಬೆ ಎತ್ತಬೇಕು, ಇಡಬೇಕು, ತಿರುಗಿಸಬೇಕು. ಕೈಗೆ ಇದಕ್ಕಿಂತ ಒಳ್ಳೆ ಮದ್ದು ಬೇಕಾ?" ಎಂದರು. ಅವತ್ತಿನಿಂದ ಮಧ್ಯಾಹ್ನದ ಕಸರತ್ತಿಗೆ ನಮ್ಮನ್ನು ಯಾರೂ ಕರೆಯಬೇಕಾಗಿಲ್ಲ. ನನ್ನ ಹಾಗೇ ಕೈ ಸ್ವಾಧೀನ ತಪ್ಪಿ ಇಲ್ಲಿ ಸೇರಿರುವ, ರಬ್ಬರ್ ಚೆಂಡು ಹಿಚುಕಿ ಹಿಚುಕಿ ಬೇಜಾರಾಗಿದ್ದ ಮೇಷ್ಟ್ರು ಕೂಡ ಎಲ್ಲರಿಗಿಂತ ಮೊದಲೇ ಬಂದು ಕುರ್ಚಿ ಹಿಡಿಯುತ್ತಾರೆ. ಇದೆಲ್ಲ ನಿನ್ನಿಂದ ಆದದ್ದು, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಮಗನ ಗೊಂಬೆಗಳ ಆಟ ಮುಗಿಯುತ್ತ ಬಂತು. ಇಂಥ ಆಟಕ್ಕೆ ಹೆಚ್ಚುವರಿ ಪ್ಯಾಕ್‌ಗಳು ಸಿಗುತ್ತವಂತೆ, ಒಂದೊಂದರಲ್ಲೂ ಹೊಸ ಗೊಂಬೆ, ಟೀವಿಯಲ್ಲಿ ಹೊಸ ಲೋಕ. ಆಟಿಕೆ ಅಂಗಡಿಯವರು ಮೂರು ಪ್ಯಾಕ್ ನೋಡಲು ಕೊಟ್ಟರು. ಒಂದನ್ನು ಇಟ್ಟುಕೊಂಡು ಎರಡನ್ನು ವಾಪಸ್ ಕೊಡಬೇಕು. ಮೇಡಂ ಮೂರನ್ನೂ ತಂದು ನನ್ನ ಮುಂದಿಟ್ಟರು. "ಟೈಲರಮ್ಮ, ಬಟ್ಟೆ ಮುಟ್ಟಿ ಗುಣ ಹೇಳೋರು ನೀವು. ಇದನ್ನೂ ನೀವೇ ನೋಡಿ ಹೇಳಿ" ಎಂದರು. ಎಷ್ಟು ಕಾಲದ ಮೇಲೆ ಒಬ್ಬರು ನನ್ನ ಅಭಿಪ್ರಾಯ ಕೇಳಿದ್ದರು, ಗೊತ್ತೇನೇ? ಇಲ್ಲಿಗೆ ಬಂದಾಗಿನಿಂದ ನೋವಿದೆಯಾ, ನಿದ್ದೆ ಬಂತಾ ಅಂತಲೇ ಕೇಳುತ್ತಿದ್ದರು.

ಮೊದಲನೆಯದು ಸಮುದ್ರದ ಪ್ಯಾಕ್. ಬಣ್ಣ ಕಣ್ಣಿಗೆ ತಂಪು, ಆದರೆ ಅದರಲ್ಲಿರುವ ಮೀನುಗಳು ಆಡುವುದಕ್ಕಿಂತ ಮಾತಾಡುವುದೇ ಹೆಚ್ಚು. ಅವುಗಳ ಭಾಷಣ ಮುಗಿಯುವಷ್ಟರಲ್ಲಿ ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು. ಎರಡನೆಯದು ಕಾರಿನ ಪ್ಯಾಕ್. ಅಬ್ಬಬ್ಬಾ, ಏನು ಗಲಾಟೆ! ಬಸ್ ಓಡಿಸುತ್ತಿದ್ದ ಡ್ರೈವರಣ್ಣ ಸಾಲಾಗಿ ಗೆದ್ದು, ತನ್ನ ವಯಸ್ಸು ಮರೆತು ಶಿಳ್ಳೆ ಹಾಕಿದ. ಎಲ್ಲರ ಕೈಯೂ ಚುರುಕಾದ ಹಾಗಿತ್ತು. ನನ್ನ ಕಾರು ಕೂಡ ಸರಾಗವಾಗಿ ಹಲಗೆ ಏರಿತು. ನಾನು ಹಿಂದೆಮುಂದೆ ನೋಡದೆ ಕಾರಿಗೆ ಪೂರ್ತಿ ಅಂಕ ಕೊಟ್ಟುಬಿಟ್ಟೆ.

ಮೇಡಂ ನಕ್ಕು ಒಂದೇ ಪ್ರಶ್ನೆ ಕೇಳಿದರು. "ಎಲ್ರೂ ಗೆದ್ರಿ, ಸರಿ. ಕಾರು ಎತ್ತಿದೋರು ಯಾರು?"

ಯಾರೂ ಇಲ್ಲ! ಅದಕ್ಕೆ ಚಕ್ರ ಇತ್ತಲ್ಲ, ನಾವೆಲ್ಲ ಮುಷ್ಟಿಯಿಂದ ತಳ್ಳುತ್ತಿದ್ದೆವು, ಅದು ಉರುಳಿಕೊಂಡು ಹೋಗಿ ಹಲಗೆಯ ಮೇಲೆ ಕೂರುತ್ತಿತ್ತು. ಇಷ್ಟು ವರ್ಷ ಗಿರಾಕಿಗಳಿಗೆ "ಹೊಳಪು ನೋಡಿ ಬಟ್ಟೆ ಕೊಳ್ಳಬೇಡಿ" ಎಂದು ಉಪದೇಶ ಮಾಡಿದವಳು ನಾನು. ನಾಚಿಕೆಯಾಯಿತು, ನಗುವೂ ಬಂತು.

ಮೂರನೆಯದು ಹಕ್ಕಿಯ ಪ್ಯಾಕ್. ಹಕ್ಕಿಯ ರೆಕ್ಕೆ ಬಹಳ ತೆಳು. ಹೆಬ್ಬೆರಳು, ತೋರುಬೆರಳಿನ ತುದಿಯಲ್ಲೇ ಹಿಡಿದೆತ್ತಿ, ಹಲಗೆಯಲ್ಲಿ ಬೆಳಕು ಹೊತ್ತಿದ ಕಡೆಗೆ ತಿರುಗಿಸಿ ಇಡಬೇಕು, ಇಲ್ಲದಿದ್ದರೆ ಟೀವಿಯಲ್ಲಿ ಹಾರುವುದೇ ಇಲ್ಲ. ಒಬ್ಬರಿಗೂ ಆಗಲಿಲ್ಲ. "ಆಟಿಕೆನೇ ಸರಿ ಇಲ್ಲ, ವಾಪಸ್ ಕೊಡಿ" ಎಂದ ಡ್ರೈವರಣ್ಣ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ನಾನು ಹಕ್ಕಿಯೇ ಇರಲಿ ಎಂದು ತೀರ್ಪು ಕೊಟ್ಟೆ.

"ನೀವು ನಮ್ಮ ಕಡೆನಾ, ಮೇಡಂ ಕಡೆನಾ?" ಎಂದು ಆತ ರೇಗಿದ.

"ನಿಮ್ಮ ಬೆರಳಿನ ಕಡೆ" ಎಂದೆ.

ಆತ ಮುಖ ಊದಿಸಿಕೊಂಡು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾತು ಬಿಟ್ಟನೇ ಹೊರತು ಹಕ್ಕಿಯನ್ನು ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ಅದರ ಹಿಂದೆಯೇ ಬಿದ್ದ. ಹೋದ ವಾರ ಎತ್ತಿಯೇಬಿಟ್ಟ ಕಣೇ! ಟೀವಿಯಲ್ಲಿ ಹಕ್ಕಿ ಮರದ ಮೇಲಕ್ಕೆ ಹೋಯಿತು, ಇತ್ತ ಆತ ಗಳಗಳನೆ ಅತ್ತುಬಿಟ್ಟ. ಮರುದಿನ ಬೆಳಗ್ಗೆ ತನ್ನ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡು ಬಂದು, "ನೋಡಿ ಟೈಲರಮ್ಮ, ಒಂದು ಗುಂಡಿ ಮೇಲೆಕೆಳಗೆ ಆಗಿದೆ, ಬೈಬೇಡಿ" ಎಂದ. ನಾನೇಕೆ ಬೈಯಲಿ? ನನ್ನ ಜನ್ಮದಲ್ಲಿ ಅಷ್ಟು ಚೆಂದದ ಅಂಗಿ ನೋಡಿಲ್ಲ. ಮೇಷ್ಟ್ರೂ ಈಗ ಎತ್ತುತ್ತಾರೆ, ಬೆಳಕಿನ ಕಡೆ ತಿರುಗಿಸುವುದೊಂದು ಬಾಕಿ.

ಮೊಂಡಿ, ನಿನಗೆ ನಾನು ಎಷ್ಟು ಋಣಿ ಎಂದು ಎದುರಿಗಿದ್ದರೆ ಹೇಳುತ್ತಿರಲಿಲ್ಲ, ನೀನು ಕೊಬ್ಬುತ್ತೀಯ. ಕಾಯಿಲೆ ಬಂದವರಿಗೆ ಎಲ್ಲರೂ ಹಣ್ಣು ತರುತ್ತಾರೆ. ನೀನು ಆಟ ಕಳಿಸಿದೆ. ಸಾಯಂಕಾಲ ಗೋಡೆ ನೋಡುತ್ತ ಮಲಗುತ್ತಿದ್ದವಳು ಈಗ ನಾಳೆ ಯಾರು ಹಕ್ಕಿ ಹಾರಿಸುತ್ತಾರೋ ಎಂದು ಯೋಚಿಸುತ್ತ ಮಲಗುತ್ತೇನೆ. ನಿನ್ನ ಮಗನಿಗೂ ಹೇಳು, ಅವನ ಗೊಂಬೆಗಳು ಇಲ್ಲಿ ದೊಡ್ಡ ದೊಡ್ಡವರ ಕೈ ತಿದ್ದುತ್ತಿವೆ. ಅವನು ಚೆನ್ನಾಗಿ ಬೆಳೆಯಲಿ. ನಿಮ್ಮ ಮನೆ ನಗುತ್ತಿರಲಿ, ಅಂಗಡಿಗೆ ಗಿರಾಕಿಗಳು ತುಂಬಿರಲಿ.

ಇಂತಿ ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ತಾ.ಕ.: ನಿನ್ನ ಪ್ರಶ್ನೆ ಮರೆತಿಲ್ಲ. ಇಷ್ಟುದ್ದ ಬರೆದೆ, ನಾನು ಹಕ್ಕಿ ಎತ್ತಿದೆನೋ ಇಲ್ಲವೋ ಅಂತ ಮಾತ್ರ ಬರೆಯಲಿಲ್ಲ, ನೀನು ಗಮನಿಸಿರುತ್ತೀಯ. ಎತ್ತಿಲ್ಲ ಕಣೇ. ಮೊನ್ನೆ ಮೇಡಂ ಒಬ್ಬರೇ ಇದ್ದಾಗ, ಮತ್ತೆ ಹೊಲಿಯಲು ಆಗುತ್ತದಾ ಎಂದು ನೇರವಾಗಿ ಕೇಳಿಬಿಟ್ಟೆ. ಅವರು ನನ್ನ ಕೈ ಹಿಡಿದುಕೊಂಡು, "ಲೋಟ ಹಿಡೀತೀರಿ, ಬಾಗಿಲು ತೆಗೀತೀರಿ. ಸೂಜಿ ಆಗಲ್ಲ ಅಮ್ಮ, ನಿಮಗೆ ಸುಳ್ಳು ಹೇಳಕ್ಕೆ ಮನಸ್ಸು ಬರ್ತಿಲ್ಲ" ಎಂದರು. ಅದಕ್ಕೇ ಹೇಳುತ್ತಿದ್ದೇನೆ, ಮಿಷನ್ನಿನ ಹೊದಿಕೆ ತೆಗೆ. ಎಣ್ಣೆ ಬಿಟ್ಟು ಆ ಹುಡುಗಿಯನ್ನು ಕೂರಿಸು. ಎಡಗಡೆ ದಾರ ಸ್ವಲ್ಪ ಎಳೆಯುತ್ತದೆ, ಹೆದರಬೇಡ ಎಂದು ಅವಳಿಗೆ ಹೇಳು. ನನ್ನ ಕತ್ತರಿಯನ್ನು ಮಾತ್ರ ಈಗಲೇ ಕೊಡಬೇಡ. ಕೊಡು ಎನ್ನುವಷ್ಟು ಮನಸ್ಸು ಗಟ್ಟಿಯಾದಾಗ ನಾನೇ ಬರೆಯುತ್ತೇನೆ.