ಒಂದೇ ಶಾಲು, ಇಡೀ ವಾರ್ಡಿಗೆ ಸನ್ಮಾನ

ನಮ್ಮ ಸರ್ಕಾರಿ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳೂ ಅದರ ಸೋಂಕು ತಡೆ ಸಮಿತಿಯ ಅಧ್ಯಕ್ಷರೂ ಆದ ಮಾನ್ಯರೇ,

ನನ್ನ ಮಗಳು ದಾನಮ್ಮ ನಿಮ್ಮ ಬಾಣಂತಿಯರ ವಾರ್ಡಿನಲ್ಲಿ ಇನ್ನೂ ಮಲಗಿದ್ದಾಳೆ. ಸಿಜೇರಿಯನ್ ಹೊಲಿಗೆಯಲ್ಲಿ ಕೀವು ತುಂಬಿದೆ, ಜ್ವರ ಇಳಿದಿಲ್ಲ, ಪಕ್ಕದಲ್ಲೇ ಅಳುವ ಕೂಸನ್ನು ಎತ್ತಿಕೊಳ್ಳುವ ತ್ರಾಣ ಅವಳಿಗಿಲ್ಲ. ಕಾರಣ ಕೇಳಿದರೆ ತಾವು, "ನಿಮ್ಮ ಮನಿ ಸ್ವಚ್ಛ ಇಟ್ಕೋಬೇಕ್ರಿ" ಎಂದು ಅಪ್ಪಣೆ ಕೊಡಿಸಿದಿರಿ. ಹೆರಿಗೆಯಾದ ಮೇಲೆ ಮನೆಯ ಹೊಸ್ತಿಲನ್ನೇ ತುಳಿಯದವಳಿಗೆ ಮನೆಯ ಹೊಲಸು ಹೇಗೆ ತಗುಲಿತು? ಹೆಣ್ಣುಮಕ್ಕಳಿಗೆ ಮಾತ್ರ ಬಸ್ಸು ಪುಕ್ಕಟೆ ಅಂದುಕೊಂಡಿದ್ದೆ, ಹೊಲಸಿಗೂ ಪುಕ್ಕಟೆಯೇ?

ಇದು ಎಲ್ಲರೂ ಓದಲೆಂದು ಬರೆದ ಬಹಿರಂಗ ಪತ್ರ, ಆದರೂ ಆಸ್ಪತ್ರೆ ಯಾವ ಊರಿನದೆಂದು ಬರೆಯುವುದಿಲ್ಲ. ಹೆದ್ದಾರಿ ಪಕ್ಕದ ನನ್ನ ಖಾನಾವಳಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಕಡೆಯ ಗಿರಾಕಿಗಳು ಬರುತ್ತಾರೆ. ಒಂದೂರಿನ ಹೆಸರು ಬರೆದರೆ ಉಳಿದವರು ಆ ಊರಿನವರನ್ನು ನೆಟ್ಟಗೆ ಉಣ್ಣಲು ಬಿಡುವುದಿಲ್ಲ.

ಮೊದಲು ನಿಮ್ಮ ನಿಯಮಕ್ಕೊಂದು ನಮಸ್ಕಾರ. "ರೋಗಿಗೆ ಒಬ್ಬರೇ ಜೊತೆಗಾರರು, ಕೈ ತೊಳೆದು ಒಳಗೆ ಬನ್ನಿ" ಎಂದು ವಾರ್ಡಿನ ಬಾಗಿಲಲ್ಲಿ ದೊಡ್ಡ ಬೋರ್ಡಿದೆ. ನನ್ನ ಯಜಮಾನರು ಸಿದ್ದಾರೂಢ ಅವರು ಮೊಮ್ಮಗಳನ್ನು ನೋಡಲು, ಕೂಸಿನ ತಲೆಗೆ ಕಟ್ಟುವ ಕುಂಚಿಗೆ ಹಿಡಿದುಕೊಂಡು ಬಂದಾಗ ಕಾವಲುಗಾರ ದಿಲಾವರ ತಡೆದ. "ಕಾಕಾ, ಒಳಗ ಅವ್ವಾರು ಅದಾರ. ಅವರು ಹೊರಗ ಬಂದ್ರ ನೀವು ಹೋಗ್ರಿ. ಬಾಣಂತ್ಯಾರಿಗಿ ಸೋಂಕ ತಗಲತೈತಿ" ಅಂದ. ಅವರು ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ಕುಳಿತರು. ದಿಲಾವರ ಮಾಡಿದ್ದು ಸರಿಯೇ.

ನಾನು ಎದ್ದು ಅವರಿಗೆ ಜಾಗ ಬಿಟ್ಟುಕೊಡಬೇಕು ಅನ್ನುವಷ್ಟರಲ್ಲಿ ನಾಯಕರೊಬ್ಬರ ಜನ್ಮದಿನ ಒಳಗೆ ನುಗ್ಗಿತು. ಜನ್ಮದಿನ ಅವರದು, ಹೆರಿಗೆ ನೋವು ನಮ್ಮದು. ಸೇಬಿನ ಬುಟ್ಟಿ, ಬ್ರೆಡ್ಡಿನ ಪೊಟ್ಟಣ, ಬೂಟುಗಾಲಿನ ಅಭಿಮಾನಿಗಳ ದಂಡು, ದಂಡಿನ ಮುಂದೆ ತಾವು. ಅದೇ ದಿಲಾವರ ಎರಡೂ ಕದ ತೆರೆದು ಸೆಲ್ಯೂಟ್ ಹೊಡೆದ. ಪಾಪ, ಅವನದು ಗುತ್ತಿಗೆ ನೌಕರಿ. ಒಬ್ಬ ಅಜ್ಜ ಬಂದರೆ ತಗುಲುವ ಸೋಂಕು ಒಂದು ಮೆರವಣಿಗೆ ಬಂದರೆ ತಗುಲುವುದಿಲ್ಲ ಎಂಬುದು ಯಾವ ವೈದ್ಯಶಾಸ್ತ್ರದಲ್ಲಿದೆ ಮಾನ್ಯರೇ?

ಆಗಷ್ಟೇ ಸಿಸ್ಟರ್ ನನ್ನ ಮಗಳ ಹೊಲಿಗೆಯ ಹಳೆ ಪಟ್ಟಿ ತೆಗೆದಿದ್ದರು, ಹೊಸದು ಹಾಕುವವರಿದ್ದರು. "ಸ್ವಲ್ಪ ತಡೀರಿ ಸರ್, ಹೊಲಿಗಿ ತೆರದೈತಿ" ಅಂದರು. "ಆಮ್ಯಾಲ ಹಾಕೀರಂತ ಸಿಸ್ಟರ್, ಸಾಹೇಬ್ರಿಗಿ ಇನ್ನಾ ಕಾರ್ಯಕ್ರಮ ಅದಾವ" ಅಂದವರು ತಾವು. ಸಿಸ್ಟರ್ ಗಡಿಬಿಡಿಯಲ್ಲಿ ಒಂದು ಅರಿವೆ ಮುಚ್ಚಿ ಹಿಂದೆ ಸರಿದರು.

ತಾಯಂದಿರಿಗೆಲ್ಲ ಶಾಲು ಹೊದಿಸಿ ಸನ್ಮಾನವೆಂದು ಸಾರಿದಿರಿ. ತಂದ ಶಾಲು ಮಾತ್ರ ಒಂದೇ. ಹೊದಿಸು, ಫೋಟೋ ತೆಗೆ, ಕಿತ್ತುಕೋ, ಮುಂದಿನ ಮಂಚಕ್ಕೆ ನಡೆ. ಬಾಗಿಲ ಬಳಿಯ ಹೆಣ್ಣುಮಗಳ ಹೊಲಿಗೆ ಅದಾಗಲೇ ಕೀವಾಗಿ ಬಟ್ಟೆಗೆ ಇಳಿದಿತ್ತು. ಆ ಶಾಲು ಅವಳ ಮಡಿಲಿನಿಂದ ಎದ್ದು ನೇರವಾಗಿ ನನ್ನ ಮಗಳ ಹೆಗಲಿಗೆ ಬಂತು. ಫೋಟೋಕ್ಕೆಂದು ಅವಳನ್ನು ಎಬ್ಬಿಸಿ ಕೂರಿಸಿದಾಗ ಅರಿವೆ ಜಾರಿತು, ಶಾಲಿನ ಗೊಂಡೆ ತೆರೆದ ಹೊಲಿಗೆಗೇ ತಾಗಿತು. ಒಂದು ತುದಿ ನಾಯಕರ ಕೈಯಲ್ಲಿ, ಇನ್ನೊಂದು ಸೋಂಕು ತಡೆ ಸಮಿತಿಯ ಅಧ್ಯಕ್ಷರ ಕೈಯಲ್ಲಿ! ಬೇಲಿಯೇ ಎದ್ದು ಹೊಲ ಮೇಯ್ದ ಮಾತು ಕೇಳಿದ್ದೆ. ಮೇಯುತ್ತಾ ಫೋಟೋಕ್ಕೆ ನಕ್ಕದ್ದನ್ನು ಅಂದೇ ಕಂಡದ್ದು.

"ಹೊಲಿಗಿ ಮ್ಯಾಲ ಬಿದ್ದೈತ್ರಿ ಸರ್!" ಎಂದು ಗೋಡೆಗೆ ಒತ್ತಿಹೋಗಿದ್ದ ನಾನು ಕೂಗಿದೆ. "ಅವ್ವಾರ, ಬಾಜೂಕ ಸರೀರಿ, ಫೋಟೋದಾಗ ಬರಾಕತ್ತೀರಿ" ಎಂದ ಕ್ಯಾಮರಾದವನು. ಪಕ್ಕದ ಮಂಚದ ಸಗೀರಾಳ ಅತ್ತೆ ರಹಿಮಾಬಿ ಮಾತ್ರ ಸೊಸೆಗೆ ಅಡ್ಡ ನಿಂತು, "ನಮಗ ಬ್ಯಾಡ್ರಿ ಸಾಹೇಬ್ರ. ಆ ಶಾಲು ಮಂದಿ ಮೈ ವರಸಕೊಂತ ಬಂದೈತಿ" ಅಂದರು. "ಎಷ್ಟ ಸೊಕ್ಕ ಈ ಮುದುಕಿಗಿ" ಎಂದು ತಾವು ಗೊಣಗಿದ್ದು ನನಗೆ ಕೇಳಿಸಿತು. ಸೊಕ್ಕಿನ ಮುದುಕಿಯ ಸೊಸೆ ಗುಣವಾಗಿ ಮನೆಗೆ ಹೋದಳು, ಸನ್ಮಾನಿತೆ ಇಲ್ಲೇ ನರಳುತ್ತಿದ್ದಾಳೆ.

ಇತ್ತ ಬೇವಿನ ಗಿಡದ ಕೆಳಗಿದ್ದ ನನ್ನ ಯಜಮಾನರು ಮೊಮ್ಮಗಳ ಮುಖ ಮೊದಲು ನೋಡಿದ್ದು ಒಬ್ಬ ಅಭಿಮಾನಿಯ ವಾಟ್ಸಾಪ್ ಸ್ಟೇಟಸ್ಸಿನಲ್ಲಿ. ಕೂಸು ನಾಯಕರ ತೋಳಿನಲ್ಲಿತ್ತು, ಕುಂಚಿಗೆ ಇವರ ಕೈಯಲ್ಲೇ ಇತ್ತು. ಅವರು ಅತ್ತುಬಿಟ್ಟರು.

ಶಾಲಿನಿಂದಲೇ ಕೀವಾಯಿತೆಂಬುದಕ್ಕೆ ಪುರಾವೆ ಏನು ಎಂದು ಕೇಳಿದಿರಿ. ನಿಜ, ಶಾಲು ಪರೀಕ್ಷೆಗೆ ಹೋಗಲಿಲ್ಲ, ಮುಂದಿನ ಕಾರ್ಯಕ್ರಮಕ್ಕೆ ಹೋಯಿತು. ಆದರೆ ಒಬ್ಬರು ಉಂಡ ತಾಟನ್ನು ತೊಳೆಯದೆ ಇನ್ನೊಬ್ಬರ ಮುಂದಿಟ್ಟರೆ ನನ್ನ ಗಿರಾಕಿ ಪುರಾವೆ ಹುಡುಕುತ್ತಾ ಕೂರುತ್ತಾನೆಯೇ? ತಾಟನ್ನು ನನ್ನ ಮೇಲೇ ಒಗೆಯುತ್ತಾನೆ. ಹಿಂದೆಯೇ ಅಧಿಕಾರಿಗಳು ಬಂದು ಲೈಸನ್ಸ್ ಕೇಳುತ್ತಾರೆ. ರೊಟ್ಟಿಯ ತಾಟಿಗಿರುವ ಕಾಯ್ದೆ ಬಾಣಂತಿಯ ಹೊಲಿಗೆಗೆ ಇಲ್ಲವೇ?

ಬರುವ ಗುರುವಾರ ಇನ್ನೊಬ್ಬ ನಾಯಕರ ಜನ್ಮದಿನವಂತೆ. ಆಸ್ಪತ್ರೆಯ ಕಂಪೌಂಡಿಗೆ ಬ್ಯಾನರ್ ಕಟ್ಟಿಯಾಗಿದೆ, "ಬಾಣಂತಿಯರಿಗೆ ಸನ್ಮಾನ" ಎಂದು ಅದರಲ್ಲಿದೆ. ಸುದ್ದಿ ಕೇಳಿದಾಗಿನಿಂದ ದಾನಮ್ಮ, "ಯವ್ವಾ, ನನ್ನ ಮನಿಗಿ ಕರಕೊಂಡ ಹೋಗ" ಎಂದು ಕೈ ಹಿಡಿದು ಬಿಡುತ್ತಿಲ್ಲ. ಈ ಕೀವು, ಈ ಜ್ವರ ಕಟ್ಟಿಕೊಂಡು ಎಲ್ಲಿಗೆ ಕರೆದೊಯ್ಯಲಿ? ನನಗೂ ಹೆದರಿಕೆಯಾಗಿದೆ.

ಆದ್ದರಿಂದ ಕೇಳುತ್ತೇನೆ. ಹಣ್ಣು, ಭಾಷಣ, ಫೋಟೋ ಎಲ್ಲ ಗೇಟಿನ ಹೊರಗೆ ಮುಗಿಯಲಿ. ವಾರ್ಡಿಗೆ ಕಾಲಿಡುವವರು, ತಾವೂ ಸೇರಿ, ಕೈ ತೊಳೆಯಲಿ. ಸಿಸ್ಟರ್ "ತಡೀರಿ" ಅಂದರೆ ನಿಮ್ಮ ಸಾಹೇಬರೂ ತಡೆಯಲಿ. ಇಷ್ಟನ್ನು ಆದೇಶವಾಗಿ ಬರೆದು, ಸಹಿ ಮಾಡಿ ದಿಲಾವರನ ಕೈಗೆ ಕೊಡಿ, ದೊಡ್ಡವರನ್ನು ತಡೆಯಲು ಅವನಿಗೂ ಒಂದು ಆಸರೆ ಬೇಕು.

ಕೊಡದಿದ್ದರೆ ಗುರುವಾರ ಖಾನಾವಳಿಗೆ ಬೀಗ ಹಾಕಿ, ಒಂದು ಕೊಡ ನೀರು, ಒಂದು ಸಾಬೂನು ಹಿಡಿದು ವಾರ್ಡಿನ ಬಾಗಿಲಲ್ಲಿ ನಾನೇ ಕೂರುತ್ತೇನೆ. ಲಾರಿ ಡ್ರೈವರುಗಳಿಗೆ ದಿನಾ ಹೇಳುವುದನ್ನೇ ತಮಗೂ ಹೇಳುತ್ತೇನೆ: "ಮೊದಲ ಕೈ ತೊಳಕೋರಿ, ಆಮ್ಯಾಲ ಒಳಗ ಬರ್ರಿ." ಅವರು ಯಾರೂ ಇದುವರೆಗೆ ಇಲ್ಲ ಅಂದಿಲ್ಲ. ಶಾಲು ಮಾತ್ರ ಮರೆಯದೆ ತನ್ನಿ. ವಾರ್ಡಿನ ನೆಲ ಒರೆಸಲು ಬಟ್ಟೆ ಬೇಕಾಗಿದೆ.

ಇಂತಿ,
ತಮ್ಮಿಂದ ಸನ್ಮಾನಗೊಂಡು ಇನ್ನೂ ಮೇಲೇಳದವಳ ತಾಯಿ
ವಿಜಯಲಕ್ಷ್ಮಿ, ಝಳಕಿ